ಚೌಳು ನೆಲವೂ ಉಪ್ಪಿನ ಮಿತಿಯೂ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಸರಿಸುಮಾರು ನಡುವೆ ಐಮಂಗಲವೆಂಬ ಊರು ಇದೆ. ಹಿರಿಯೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವದು. ಕನ್ನಡ ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಹಿರಿಯೂರು, ಚಳ್ಳಕೆರೆಗಳು ಸೇರಿವೆಯೆಂಬುದು ಎಲ್ಲರೂ ಬಲ್ಲ ಸಂಗತಿ. ರಾಗಿ, ಜೋಳ, ಸಜ್ಜೆ, ಶೇಂಗಾ, ಈರುಳ್ಳಿಗಳನ್ನು ಬೆವರು ಸುರಿಸಿ ಬೆಳೆಯುವ ಶ್ರಮಜೀವಿಗಳ ನಾಡಿದು. ಮಳೆಗಾಲ ಕಳೆದು ಬಿಸಿಲು ಬಲಿತಾಗ ಈ ಸೀಮೆಯ ತಗ್ಗು ನೆಲಗಳಲ್ಲಿ ಅಲ್ಲಲ್ಲಿ ಬಿಳಿಯ ಪೊರೆಯೊಂದು ಮೇಲೇಳುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ನಮ್ಮ ರೈತರು ಅದನ್ನು ಚೌಳು ಎನ್ನುತ್ತಾರೆ. ಚೌಳು ಹಿಡಿದ ನೆಲದಲ್ಲಿ ಬಿತ್ತಿದ್ದು ಮೊಳೆಯದು, ಮೊಳೆತದ್ದು ಏಳಿಗೆಯಾಗದು.

ಆ ಬಿಳಿಯ ಪುಡಿಯಲ್ಲಿ ಉಪ್ಪಿದೆ. ಒಂದು ಕಾಲದಲ್ಲಿ ಈ ನಾಡಿನ ಬಡವರು ಇದೇ ಮಣ್ಣಿನಿಂದ ಉಪ್ಪು ತೆಗೆದು ಉಂಡರು. ಬಾಳಿಗೆ ಬೇಕಾದ ವಸ್ತುವೂ ಅದೇ, ಬೆಳೆಯನ್ನು ಕೊಲ್ಲುವ ವಸ್ತುವೂ ಅದೇ. ಎರಡರ ನಡುವೆ ಇರುವ ಅಂತರ ಪ್ರಮಾಣದ್ದು ಮಾತ್ರ. ನೆಲಕ್ಕೆ ಅನ್ವಯಿಸುವ ಈ ನಿಯಮವು ನಮ್ಮ ದೇಹಕ್ಕೂ ಅನ್ವಯಿಸುತ್ತದೆ ಎಂಬುದನ್ನು ಇತಿಹಾಸದ ಮಾರ್ಗದಲ್ಲಿ ನಡೆದು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಮಣ್ಣಿನಿಂದ ಉಪ್ಪು ತೆಗೆದವರು

ಸಮುದ್ರದಿಂದ ದೂರವಿರುವ ಬಯಲುಸೀಮೆಗೆ ಉಪ್ಪು ಎಲ್ಲಿಂದ ಬರುತ್ತಿತ್ತು? ಇದಕ್ಕೆ ಎರಡು ಉತ್ತರಗಳಿವೆ. ಕರಾವಳಿಯ ಉಪ್ಪು ಘಟ್ಟವನ್ನೇರಿ ಲಂಬಾಣಿಗಳ ಎತ್ತಿನ ಹಿಂಡುಗಳ ಬೆನ್ನ ಮೇಲೆ ಒಳನಾಡಿಗೆ ಬರುತ್ತಿತ್ತು. ಹಾದಿ ದೂರ, ಸುಂಕದ ಕಟ್ಟೆಗಳು ಹಲವು. ಆದ್ದರಿಂದ ಆ ಉಪ್ಪಿನ ಬೆಲೆ ಹೆಚ್ಚು. ಎರಡನೆಯದು ಇಲ್ಲಿಯ ಮಣ್ಣಿನ ಉಪ್ಪು. ಅದನ್ನು ತಯಾರಿಸುವುದು ಉಪ್ಪಾರರ ಕಾಯಕವಾಗಿತ್ತು. ಅವರ ಹೆಸರೇ ಅವರ ಕಾಯಕವನ್ನು ಸಾರುತ್ತದೆ. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ತನ್ನ ಬೃಹತ್ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಈ ಸಮಾಜದ ಉಪ್ಪಿನ ಕಸುಬನ್ನು ವಿವರಿಸಿದ್ದಾನೆ. ಉಪ್ಪಾರ ಬಂಧುಗಳು ಸಗರ ಚಕ್ರವರ್ತಿಯ ವಂಶದ ಭಗೀರಥನನ್ನು ತಮ್ಮ ಮೂಲಪುರುಷನೆಂದು ಪೂಜಿಸುತ್ತಾರೆ. ಅವರ ಭಗೀರಥ ಗುರುಪೀಠವು ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮಧುರೆಯಲ್ಲಿಯೇ ಇದೆ.

ಈ ಕಾಯಕದ ಕ್ರಮ ಹೀಗಿತ್ತು. ಬಿಸಿಲು ಕಾಲದಲ್ಲಿ ಚೌಳು ಮೇಲೆದ್ದ ನೆಲದ ಮೇಲ್ಮಣ್ಣನ್ನು ಕೆರೆದು ಗುಡ್ಡೆ ಹಾಕುವರು. ಎತ್ತರಿಸಿದ ದಿಬ್ಬದ ಮೇಲೆ ಗುಂಡಿಗಳನ್ನು ಮಾಡಿ ಅವುಗಳಲ್ಲಿ ಆ ಮಣ್ಣನ್ನು ತುಂಬಿ ನೀರು ಹೊಯ್ಯುವರು. ನೀರು ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಕಾಲುವೆಯ ಮೂಲಕ ತೊಟ್ಟಿಗೆ ಸೇರುವುದು. ಆ ಉಪ್ಪುನೀರನ್ನು ಗಾರೆಯಿಂದ ನಯಗೊಳಿಸಿದ ತಳದ ಮಡಿಗಳಲ್ಲಿ ತೆಳುವಾಗಿ ಹರಡಿ ಬಿಸಿಲಿನಲ್ಲಿ ಒಣಗಿಸಿದರೆ ಉಪ್ಪು ಉಳಿಯುವುದು. ಚಾಮರಾಜನಗರದ ಕಡೆಯ ಉಪ್ಪಿನಮೋಳೆ ಎಂಬಂತಹ ಊರ ಹೆಸರುಗಳು ಈ ಕಾಯಕದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಆಯುರ್ವೇದದ ಆಚಾರ್ಯರು ಎಣಿಸಿದ ಲವಣಪಂಚಕದಲ್ಲಿ ಸೈಂಧವ, ಸಾಮುದ್ರ, ಸೌವರ್ಚಲ, ಬಿಡಗಳ ಜೊತೆಗೆ ಔದ್ಭಿದವೆಂಬುದೊಂದು ಬರುತ್ತದೆ. ಭೂಮಿಯನ್ನು ಭೇದಿಸಿ ಮೇಲೆ ಬರುವುದರಿಂದ ಅದಕ್ಕೆ ಆ ಹೆಸರು. ನಮ್ಮ ಚೌಳಿನ ಉಪ್ಪು ಆ ವರ್ಗಕ್ಕೆ ಸೇರಿದುದು.

ಮಣ್ಣಿನ ಉಪ್ಪು ಶುದ್ಧವಾದುದಲ್ಲ. ಅದರಲ್ಲಿ ಸೋಡಾದ ಅಂಶವೂ ಬೇರೆ ಲವಣಗಳೂ ಬೆರೆತಿದ್ದು ನಾಲಗೆಗೆ ಕಹಿ ತಗಲುತ್ತಿತ್ತು. ಮಡಿವಾಳರು ಬಟ್ಟೆ ತೊಳೆಯಲು ಚೌಳನ್ನು ಬಳಸುತ್ತಿದ್ದುದನ್ನು ನೆನೆದರೆ ಅದರ ಕ್ಷಾರಗುಣ ಎಂತಹುದೆಂದು ಅರಿವಾಗುತ್ತದೆ. ಆದರೂ ಬಡವನಿಗೆ ಅದೇ ಗತಿ. ಇಷ್ಟು ಶ್ರಮದಿಂದ ದೊರೆಯುತ್ತಿದ್ದ, ಇಲ್ಲವೆ ಇಷ್ಟು ದೂರದಿಂದ ಬರುತ್ತಿದ್ದ ವಸ್ತುವನ್ನು ಯಾರೂ ಕೈಬಿಚ್ಚಿ ಚೆಲ್ಲುವಂತಿರಲಿಲ್ಲ. ಉಪ್ಪಿನ ಋಣ, ಉಂಡ ಮನೆಯ ಉಪ್ಪಿಗೆ ಎರಡು ಬಗೆಯಬಾರದು ಎಂಬ ಮಾತುಗಳು ನಮ್ಮ ನುಡಿಯಲ್ಲಿ ಬೇರೂರಿದ್ದು ಇಂತಹ ಕಾಲದಲ್ಲಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯೂ ಅಂತಹುದೇ. ದುರ್ಲಭವಾದುದರಲ್ಲಿ ಗೌರವ ಹುಟ್ಟುವುದು ಸಹಜ. ಆ ಗೌರವದ ಒಳಗೆ ಮಿತಿಯೂ ತಾನಾಗಿಯೇ ಅಡಗಿತ್ತು.

ಉಪ್ಪಿನ ಮೇಲೆ ಆಳುವವರ ಕಣ್ಣು

ಎಲ್ಲರಿಗೂ ಬೇಕಾದ ವಸ್ತುವಿನ ಮೇಲೆ ತೆರಿಗೆ ಹಾಕಿದರೆ ಬೊಕ್ಕಸ ತುಂಬುವುದೆಂಬುದು ಆಳುವವರು ಬಹು ಹಿಂದೆಯೇ ಕಂಡುಕೊಂಡ ಸತ್ಯ. ಮದ್ರಾಸ್ ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯು 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಮೈಸೂರು ಸಂಸ್ಥಾನವು ಬೇರೆಯಾಗಿದ್ದರೂ ಈ ಹಿಡಿತದಿಂದ ದೂರ ಉಳಿಯಲಿಲ್ಲ. 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲಿ, ಬ್ರಿಟಿಷ್ ಸರ್ಕಾರವು ಬಯಸಿದಲ್ಲಿ ಮಹಾರಾಜರು ತಮ್ಮ ರಾಜ್ಯದಲ್ಲಿ ಉಪ್ಪು ಮತ್ತು ಅಫೀಮುಗಳ ತಯಾರಿಕೆಯನ್ನು ನಿಷೇಧಿಸಬೇಕು ಇಲ್ಲವೆ ಮಿತಗೊಳಿಸಬೇಕು ಎಂಬ ಷರತ್ತು ಸೇರಿತ್ತು. ಉಪ್ಪನ್ನು ಅಫೀಮಿನ ಸಾಲಿನಲ್ಲಿ ಕೂಡಿಸಿದ ಈ ಷರತ್ತಿನ ಹಿಂದೆ ಪ್ರಜೆಗಳ ಆರೋಗ್ಯದ ಚಿಂತೆಯೇನೂ ಇರಲಿಲ್ಲ. ಇದ್ದುದು ವರಮಾನದ ಚಿಂತೆ. ಮರುವರ್ಷವೇ, ಎಂದರೆ 1882ರಲ್ಲಿ, ಉಪ್ಪಿನ ಕಾಯಿದೆ ಬಂದಿತು. 1923ರಲ್ಲಿ ಮಣಕ್ಕೆ ಒಂದೂಕಾಲು ರೂಪಾಯಿಯಿದ್ದ ತೆರಿಗೆಯನ್ನು ಎರಡೂವರೆ ರೂಪಾಯಿಗೆ ಏರಿಸಿದರು. ವಿರೋಧ ಹೆಚ್ಚಿದ್ದರಿಂದ ಮುಂದಿನ ವರ್ಷ ಇಳಿಸಬೇಕಾಯಿತು.

1930ರ ಮಾರ್ಚ್ 12ರಂದು ಮಹಾತ್ಮ ಗಾಂಧೀಜಿಯವರು ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಉಪ್ಪನ್ನು ಎತ್ತಿ ಕಾಯಿದೆಯನ್ನು ಮುರಿದ ಕಥೆ ಎಲ್ಲರಿಗೂ ತಿಳಿದಿದೆ. ಆ ಯಾತ್ರೆಯಲ್ಲಿ ನಡೆದ ಕನ್ನಡಿಗ ಯುವಕ ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದ ಮಹನೀಯರು ಅವರೇ. 1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಕಡೆಗೆ ದೇಶವು ಸ್ವತಂತ್ರವಾದ ವರ್ಷ, 1947ರಲ್ಲಿ, ಉಪ್ಪಿನ ತೆರಿಗೆ ರದ್ದಾಯಿತು.

ಇಲ್ಲಿ ವಾಚಕರು ಮರೆಯಬಾರದ ಒಂದು ಸ್ವಾರಸ್ಯವಿದೆ. ಬಡವನ ಉಪ್ಪಿಗಾಗಿ ಆ ವಯಸ್ಸಿನಲ್ಲಿ ಸುಮಾರು 240 ಮೈಲಿ ನಡೆದ ಗಾಂಧೀಜಿಯವರು ತಾವೇ ಉಪ್ಪನ್ನು ಬಿಟ್ಟು ನೋಡಿದವರು. ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾ ಅವರು ಕಾಯಿಲೆಯಲ್ಲಿದ್ದಾಗ ಉಪ್ಪನ್ನೂ ಬೇಳೆಯನ್ನೂ ಬಿಡುವಂತೆ ಪತಿಯು ಹೇಳಿದರು. ನಿಮಗೇ ಯಾರಾದರೂ ಹಾಗೆ ಹೇಳಿದರೆ ಬಿಡುವಿರಾ ಎಂಬ ಭಾವದಲ್ಲಿ ಆಕೆ ಕೇಳಿದಾಗ, ಅಂದಿನಿಂದಲೇ ಒಂದು ವರ್ಷ ಅವೆರಡನ್ನೂ ತಾವು ತ್ಯಜಿಸುವುದಾಗಿ ಗಾಂಧೀಜಿ ಸಂಕಲ್ಪಿಸಿದರು. ಇದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಪ್ಪು ಎಲ್ಲರಿಗೂ ಸಿಗಬೇಕೆಂಬುದು ಒಂದು ಮಾತು. ಸಿಕ್ಕ ಉಪ್ಪನ್ನು ಎಷ್ಟು ಉಣ್ಣಬೇಕೆಂಬುದು ಇನ್ನೊಂದು ಮಾತು. ಸ್ವಾತಂತ್ರ್ಯವು ಮೊದಲನೆಯದನ್ನು ನಮಗೆ ದೊರಕಿಸಿಕೊಟ್ಟಿತು. ಎರಡನೆಯದನ್ನು ನಾವೇ ಸಾಧಿಸಬೇಕಾಗಿದೆ.

ಹಿಂದಿನವರ ಎಚ್ಚರಿಕೆ

ಅತಿಯಾದ ಉಪ್ಪು ಕೇಡೆಂಬುದು ಪಶ್ಚಿಮದ ವೈದ್ಯರು ಮೊದಲು ಕಂಡುಹಿಡಿದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಮೂರು ದ್ರವ್ಯಗಳನ್ನು ಅತಿಯಾಗಿ ಉಪಯೋಗಿಸಬಾರದೆಂದು ವಿಧಿಸಿದೆ. ಅವು ಹಿಪ್ಪಲಿ, ಕ್ಷಾರ ಮತ್ತು ಲವಣ. ಉಪ್ಪು ಆಹಾರಕ್ಕೆ ರುಚಿಯನ್ನು ಕೊಡುತ್ತದೆ, ಜೀರ್ಣಕ್ಕೆ ನೆರವಾಗುತ್ತದೆ ಎಂದು ಅದರ ಗುಣವನ್ನು ಒಪ್ಪಿಕೊಂಡೇ, ಬಹುಕಾಲ ಹೆಚ್ಚಾಗಿ ಸೇವಿಸಿದರೆ ದೇಹದಲ್ಲಿ ಬಳಲಿಕೆ, ಸಡಿಲಿಕೆ, ದೌರ್ಬಲ್ಯಗಳು ಉಂಟಾಗುತ್ತವೆಂದು ಆಚಾರ್ಯರು ಎಚ್ಚರಿಸುತ್ತಾರೆ. ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳ ಜನರು ಹಾಲಿಗೂ ಉಪ್ಪು ಬೆರೆಸಿ ಉಣ್ಣುವವರೆಂದು ಉದಾಹರಿಸುತ್ತಾರೆ. ಅತಿಯಾಗಿ ಉಪ್ಪುಣ್ಣುವವರಿಗೆ ಅಕಾಲದಲ್ಲಿ ತಲೆ ನರೆಯುವುದು, ಕೂದಲು ಉದುರುವುದು, ಚರ್ಮ ಸುಕ್ಕುಗಟ್ಟುವುದು ಎಂದೂ ಹೇಳುತ್ತಾರೆ. ನರೆ ಸುಕ್ಕುಗಳ ಮಾತನ್ನು ಇಂದಿನ ವೈದ್ಯರು ಒಪ್ಪದಿರಬಹುದು. ಆದರೆ ಒಂದು ಪ್ರದೇಶದ ಆಹಾರದ ರೂಢಿಗೂ ಅಲ್ಲಿಯವರ ಆರೋಗ್ಯಕ್ಕೂ ಸಂಬಂಧವನ್ನು ಹುಡುಕಿದ ಆ ದೃಷ್ಟಿ ಶಾಸ್ತ್ರೀಯವಾದುದು.

ಅದೇ ಪ್ರಸಂಗದಲ್ಲಿ ಬರುವ ಮತ್ತೊಂದು ದೃಷ್ಟಾಂತವು ನಮ್ಮ ಸೀಮೆಗಾಗಿಯೇ ಬರೆದಂತಿದೆ. ಅತಿಯಾಗಿ ಚೌಳು ಹಿಡಿದ ಭೂಭಾಗಗಳಲ್ಲಿ ಗಿಡ, ಬಳ್ಳಿ, ಮರಗಳು ಹುಟ್ಟುವುದಿಲ್ಲ, ಹುಟ್ಟಿದರೂ ಸತ್ತ್ವಹೀನವಾಗಿರುತ್ತವೆ, ಏಕೆಂದರೆ ಆ ನೆಲವು ಲವಣದಿಂದ ಕೆಟ್ಟಿದೆ ಎನ್ನುತ್ತದೆ ಸಂಹಿತೆ. ನೆಲವನ್ನು ಕೆಡಿಸುವುದು ದೇಹವನ್ನೂ ಕೆಡಿಸೀತು ಎಂಬುದು ಅಲ್ಲಿಯ ಇಂಗಿತ.

ಈ ಮಾತಿಗೆ ನಮ್ಮ ಕಣ್ಣ ಮುಂದೆಯೇ ಸಾಕ್ಷಿಯಿದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1897ರಲ್ಲಿ ಪ್ರಾರಂಭಿಸಿ 1907ರಲ್ಲಿ ಪೂರೈಸಿದ ವಾಣಿವಿಲಾಸ ಸಾಗರವು ಹಿರಿಯೂರು ಸೀಮೆಗೆ ವರವಾಗಿ ಬಂದಿತು. ಆದರೆ ನೀರು ಹರಿದ ಕೆಲವು ತಗ್ಗಿನ ಜಮೀನುಗಳಲ್ಲಿ, ಬಸಿದು ಹೋಗಲು ದಾರಿಯಿಲ್ಲದೆ, ಜವುಳು ಹಿಡಿಯಿತು. ಮಣ್ಣಿನ ಆಳದಲ್ಲಿದ್ದ ಲವಣವು ನೀರಿನೊಡನೆ ಮೇಲೇರಿತು. ನೀರು ಆವಿಯಾಗಿ ಹೋದಾಗ ಲವಣ ಮಾತ್ರ ಉಳಿಯಿತು. ಹೀಗೆ ಒಳ್ಳೆಯ ಹೊಲಗಳು ಚೌಳಾದವು. ಒಳಗೆ ಬರುವ ಉಪ್ಪಿಗೆ ತಕ್ಕಂತೆ ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಎಂತಹ ಫಲವತ್ತಾದ ನೆಲವಾದರೂ ಕೆಡುತ್ತದೆ. ದೇಹದಲ್ಲಿ ಆ ಬಸಿಗಾಲುವೆಯ ಕೆಲಸ ಮಾಡುವ ಅಂಗಗಳೇ ಮೂತ್ರಪಿಂಡಗಳು.

ವೈದ್ಯಶಾಸ್ತ್ರವು ನಡೆದ ದಾರಿ

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ನಮ್ಮಲ್ಲಿ ಕರ್ಮಫಲದ ಗಾದೆ. ವಿಚಿತ್ರವೆಂದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಅಕ್ಷರಶಃ ಸತ್ಯ. ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ಹಿಡಿದಿಡುತ್ತದೆ. ರಕ್ತದಲ್ಲಿ ಸೋಡಿಯಂ ಏರಿದಾಗ ಬಾಯಾರಿಕೆಯಾಗುತ್ತದೆ, ಕುಡಿದ ನೀರು ದೇಹದಲ್ಲಿ ನಿಲ್ಲುತ್ತದೆ, ರಕ್ತನಾಳಗಳಲ್ಲಿ ಹರಿಯುವ ದ್ರವದ ಪ್ರಮಾಣ ಹೆಚ್ಚುತ್ತದೆ. ಹೃದಯವು ಹೆಚ್ಚು ಬಲದಿಂದ ಅದನ್ನು ತಳ್ಳಬೇಕಾಗುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಉಪ್ಪು ಅಪರೂಪವಾಗಿದ್ದ ಯುಗಯುಗಗಳಲ್ಲಿ ರೂಪುಗೊಂಡ ಈ ಅಂಗಗಳು ಸಿಕ್ಕ ಉಪ್ಪನ್ನು ಉಳಿಸಿಕೊಳ್ಳುವುದರಲ್ಲಿ ನಿಪುಣವಾದವು. ದಿನವೂ ರಾಶಿಯಾಗಿ ಬಂದು ಬೀಳುವ ಉಪ್ಪನ್ನು ಹೊರಹಾಕಲು ಅವು ಹೆಣಗಬೇಕಾಗುತ್ತದೆ. ವರ್ಷಗಳು ಉರುಳಿದಂತೆ ರಕ್ತದ ಒತ್ತಡ ಏರಿ ಅಲ್ಲಿಯೇ ನೆಲೆಗೊಳ್ಳುತ್ತದೆ.

ಇದನ್ನು ಅರಿಯಲು ಮೊದಲು ಒತ್ತಡವನ್ನು ಅಳೆಯುವ ಉಪಾಯ ಬೇಕಾಗಿತ್ತು. ಇಟಲಿಯ ರೀವಾ ರೋಚಿ 1896ರಲ್ಲಿ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಕರಣವನ್ನು ರಚಿಸಿದನು. ರಷ್ಯಾದ ಕೊರಟ್ಕಾಫ್ 1905ರಲ್ಲಿ ಅದಕ್ಕೆ ಶಬ್ದವನ್ನು ಆಲಿಸುವ ಕ್ರಮವನ್ನು ಸೇರಿಸಿದನು. ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ಕಿವಿಗೊಡುವುದು ಇವರಿಬ್ಬರ ಕೊಡುಗೆ. 1904ರಲ್ಲಿಯೇ ಫ್ರಾನ್ಸಿನ ಅಂಬಾರ್ ಮತ್ತು ಬೋಜಾರ್ ಎಂಬ ವೈದ್ಯರು ಉಪ್ಪನ್ನು ಕಡಿಮೆ ಮಾಡಿದಾಗ ರೋಗಿಗಳ ಒತ್ತಡ ಇಳಿಯುವುದನ್ನು ಗಮನಿಸಿದರು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್, ಅತಿಯಾದ ಒತ್ತಡದ ರೋಗಿಗಳಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣುಗಳ ಪಥ್ಯವನ್ನು ಕೊಟ್ಟು ಅನೇಕರನ್ನು ಚೇತರಿಸಿದನು. ಆಗಿನ್ನೂ ಒಳ್ಳೆಯ ಔಷಧಿಗಳು ಬಂದಿರಲಿಲ್ಲವೆಂಬುದನ್ನು ನೆನೆಯಬೇಕು.

ಆಮೇಲೆ ಲೂಯಿ ಡಾಲ್ ಎಂಬ ವಿಜ್ಞಾನಿ ಬೇರೆ ಬೇರೆ ಜನಸಮುದಾಯಗಳನ್ನು ಹೋಲಿಸಿದನು. ಉತ್ತರ ಜಪಾನಿನ ರೈತರು ಆ ಕಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ತರಕಾರಿ, ಮೀನುಗಳ ಮೂಲಕ ದಿನಕ್ಕೆ 25 ಗ್ರಾಮಿಗೂ ಮೀರಿ ಉಪ್ಪು ತಿನ್ನುತ್ತಿದ್ದರು. ಪಾರ್ಶ್ವವಾಯು ಅಲ್ಲಿ ಮನೆಮನೆಯ ಮಾತಾಗಿತ್ತು. ಮುಂದೆ ಜಪಾನ್ ಸರ್ಕಾರವೂ ಜನರೂ ಉಪ್ಪನ್ನು ತಗ್ಗಿಸುವ ಪ್ರಯತ್ನಕ್ಕೆ ತೊಡಗಿದರು, ಒತ್ತಡದ ಚಿಕಿತ್ಸೆಯೂ ಹರಡಿತು, ಪಾರ್ಶ್ವವಾಯುವಿನ ಸಾವುಗಳು ಇಳಿದವು. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನವು 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ನಮ್ಮ ದೇಶದ ದೆಹಲಿ ಮತ್ತು ಲಡಾಖ್ ಅವುಗಳಲ್ಲಿ ಸೇರಿದ್ದವು. ಅಡಿಗೆಗೆ ಉಪ್ಪು ಹಾಕದ ಬ್ರೆಜಿಲಿನ ಯಾನೊಮಾಮಿ ಬುಡಕಟ್ಟಿನವರಲ್ಲಿ ಒತ್ತಡವು ಬಹಳ ಕಡಿಮೆಯಿತ್ತು. ವಯಸ್ಸು ಏರಿದರೂ ಅದು ಏರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಅನಿವಾರ್ಯವೆಂಬ ನಂಬಿಕೆಯನ್ನು ಈ ಕಾಡಿನ ಜನ ಅಲುಗಿಸಿದರು. 2021ರಲ್ಲಿ ಚೀನಾದ 600 ಹಳ್ಳಿಗಳ ಸುಮಾರು 21,000 ಜನರ ಅಧ್ಯಯನವೊಂದು ಪ್ರಕಟವಾಯಿತು. ಪಾರ್ಶ್ವವಾಯು ಬಂದುಹೋದವರು ಅಥವಾ ವಯಸ್ಸಾಗಿ ಒತ್ತಡವಿದ್ದವರು ಅವರು. ಅರ್ಧದಷ್ಟು ಹಳ್ಳಿಗಳಲ್ಲಿ, ಸಾಮಾನ್ಯ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಲವಣದಿಂದ ಬದಲಿಸಿ ಕೊಟ್ಟಾಗ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು.

ಏರಿದ ಒತ್ತಡವು ನೋವಿಲ್ಲದ ಶತ್ರು. ಮೆದುಳಿನ ನಾಳ ಒಡೆದಾಗಲೋ ಹೃದಯ ಸೋತಾಗಲೋ ಮೂತ್ರಪಿಂಡ ಕುಂದಿದಾಗಲೋ ಅದು ತನ್ನ ಇರವನ್ನು ತಿಳಿಸುತ್ತದೆ. ಇದಲ್ಲದೆ ಅತಿಯಾದ ಉಪ್ಪಿನಿಂದ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚು ಹೋಗಿ ಕಲ್ಲುಗಳಾಗಲು ಅನುಕೂಲವಾಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಆಹಾರವನ್ನೇ ಬಹಳ ತಿನ್ನುವವರಲ್ಲಿ ಜಠರದ ಕ್ಯಾನ್ಸರ್ ಹೆಚ್ಚೆಂದೂ ಕಂಡುಬಂದಿದೆ. ಕುಡಿಯುವ ನೀರೂ ಉಪ್ಪಿನ ಮೂಲವಾಗಬಲ್ಲುದು. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪುನೀರು ಕುಡಿಯಬೇಕಾದ ಗರ್ಭಿಣಿಯರಲ್ಲಿ ಒತ್ತಡದ ತೊಂದರೆಯು ಅಧಿಕವೆಂದು ಅಧ್ಯಯನಗಳು ತೋರಿಸಿವೆ. ಆಳವಾದ ಕೊಳವೆಬಾವಿಯ ಸವುಳು ನೀರನ್ನು ಕುಡಿಯುವ ಊರಿನವರು ಇದನ್ನು ಗಮನಿಸಿ, ತಮ್ಮ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ನಮ್ಮ ಮನೆಯ ಲೆಕ್ಕ

ಹಾಗಾದರೆ ಎಷ್ಟು ಉಪ್ಪು ಸಾಕು? ಪ್ರಾಯದವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಒಂದು ಸಣ್ಣ ಚಮಚದಷ್ಟು. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯೂ ಇದೇ ಮಿತಿಯನ್ನು ಹೇಳಿದೆ. ಭಾರತೀಯರು ಸರಾಸರಿ 8ರಿಂದ 11 ಗ್ರಾಮಿನವರೆಗೆ ತಿನ್ನುತ್ತಾರೆಂದು ಬೇರೆ ಬೇರೆ ಅಂದಾಜುಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೀರಿದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 21 ಜನರಿಗೂ ಪುರುಷರಲ್ಲಿ ನೂರಕ್ಕೆ ಸುಮಾರು 24 ಜನರಿಗೂ ರಕ್ತದ ಒತ್ತಡ ಹೆಚ್ಚಾಗಿದೆ, ಇಲ್ಲವೆ ಅದಕ್ಕಾಗಿ ಅವರು ಔಷಧಿ ಸೇವಿಸುತ್ತಿದ್ದಾರೆ.

ಗೃಹಿಣಿಯರು ಮನೆಯಲ್ಲಿಯೇ ಈ ಲೆಕ್ಕವನ್ನು ನೋಡಬಹುದು. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ ಮುಕ್ಕಾಲು ಕಿಲೋ ಉಪ್ಪು ಮಿತಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರ ತಿಂಡಿಗಳಲ್ಲಿ ಇರುವುದೂ ಈ ಮುಕ್ಕಾಲು ಕಿಲೋದೊಳಗೇ ಬರಬೇಕು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪೊಟ್ಟಣ ಉಪ್ಪು ಬರುತ್ತದೆಯೆಂದು ಒಮ್ಮೆ ಎಣಿಸಿ ನೋಡಿರಿ.

ನಮ್ಮ ಸೀಮೆಯ ಮೂಲ ಆಹಾರದಲ್ಲಿ ದೋಷವಿಲ್ಲ. ರಾಗಿಯ ಮುದ್ದೆಯಾಗಲಿ ಜೋಳದ ರೊಟ್ಟಿಯಾಗಲಿ ಉಪ್ಪನ್ನು ಅಷ್ಟಾಗಿ ಬೇಡುವುದಿಲ್ಲ. ಉಪ್ಪು ಇರುವುದು ಅದರ ಸುತ್ತ. ಸಾರು, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಮೇಲೆ ಉಪ್ಪು ಕದಡಿದ ಮಜ್ಜಿಗೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿಯಲ್ಲಿಯೂ ಉಪ್ಪು ಸೇರಿದೆ, ಏಕೆಂದರೆ ಮಂಡಕ್ಕಿಯ ಅಕ್ಕಿಯನ್ನು ಹುರಿಯುವ ಮೊದಲೇ ಉಪ್ಪುನೀರಿನಲ್ಲಿ ಹದಗೊಳಿಸುತ್ತಾರೆ. ಹಿಂದೆ ಉಪ್ಪಿನಕಾಯಿ ಎಲೆಯ ತುದಿಯಲ್ಲಿ ಒಂದು ಹೋಳು ಇರುತ್ತಿತ್ತು. ಇದರ ಮೇಲೆ ಈಗ ಬೇಕರಿಯ ತಿನಿಸುಗಳೂ ಪೊಟ್ಟಣದ ಕುರುಕಲುಗಳೂ ಹಳ್ಳಿಯ ಅಂಗಡಿಯವರೆಗೆ ಬಂದಿವೆ. ಅವುಗಳಿಗೆ ಉಪ್ಪು ಹಾಕುವ ಕೈ ನಮ್ಮ ತಾಯಂದಿರದಲ್ಲ.

ಇಲ್ಲಿ ಕೆಲವು ಪ್ರಶ್ನೆಗಳು ಏಳುವುದು ಸಹಜ. ಬಿಸಿಲಿನಲ್ಲಿ ಬೆವರು ಹರಿಸಿ ದುಡಿಯುವ ರೈತನಿಗೆ ಹೆಚ್ಚು ಉಪ್ಪು ಬೇಡವೇ ಎಂದು ಕೇಳಬಹುದು. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ಬಿಸಿಲಿಗೆ ಒಗ್ಗಿದ ದೇಹವು ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡಲು ಕಲಿಯುತ್ತದೆ. ಅವನಿಗೆ ಮೊದಲು ಬೇಕಾದುದು ಸಾಕಷ್ಟು ನೀರು. ಮೇಲಾಗಿ ಇಂದು ನಮ್ಮಲ್ಲಿ ಹೆಚ್ಚು ಉಪ್ಪು ತಿನ್ನುವವರೆಲ್ಲರೂ ಹೊಲದಲ್ಲಿ ದುಡಿಯುವವರಲ್ಲ. ತಾತನ ಬೆವರಿಗೆ ತಕ್ಕ ಉಪ್ಪನ್ನು ಕುರ್ಚಿಯಲ್ಲಿ ಕುಳಿತ ಮೊಮ್ಮಗ ತಿನ್ನುತ್ತಿದ್ದಾನೆ.

ಉಪ್ಪು ವಿಷವೆಂದು ಸಾರುವುದು ಈ ಲೇಖನದ ಅಭಿಪ್ರಾಯವಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸು ಮತ್ತು ಅಡಿಗೆ ಸೋಡಾ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ವಾಂತಿಭೇದಿಯಾದ ಮಗುವಿಗೆ ಇಂದಿಗೂ ಅಳತೆಯ ಆ ಉಪ್ಪುನೀರೇ ಸಂಜೀವಿನಿ. ಅಲ್ಲಿಯೂ ಮಹತ್ವ ಅಳತೆಯದು ಎಂಬುದನ್ನು ಮರೆಯಬಾರದು. ಉಪ್ಪು ಕಡಿಮೆಯಾದರೆ ಅಯೋಡಿನ್ ಕೊರತೆಯಾಗದೇ ಎಂಬುದು ಇನ್ನೊಂದು ಸಂದೇಹ. ಗಳಗಂಡವನ್ನು ತಡೆಯಲು 1962ರಿಂದಲೇ ನಮ್ಮ ಸರ್ಕಾರದ ಕಾರ್ಯಕ್ರಮವಿದೆ. 2006ರಿಂದ ಮನುಷ್ಯರ ಸೇವನೆಗೆ ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ ದೇಶದಾದ್ಯಂತ ನಿಷೇಧವಿದೆ. 5 ಗ್ರಾಂ ಅಯೋಡಿನ್ ಉಪ್ಪು ಆ ಅಗತ್ಯವನ್ನು ಪೂರೈಸಬಲ್ಲುದು. ಸೈಂಧವ ಉಪ್ಪಾದರೆ ಎಷ್ಟು ತಿಂದರೂ ಬಾಧಕವಿಲ್ಲವೆಂಬುದು ಮಾತ್ರ ತಪ್ಪು ತಿಳಿವಳಿಕೆ. ಅದರಲ್ಲಿಯೂ ಬಹುಪಾಲು ಇರುವುದು ಅದೇ ಸೋಡಿಯಂ ಲವಣ. ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪನ್ನು ಮನೆಯಲ್ಲಿ ಬಳಸುವುದನ್ನು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಾಯದವರಿಗೆ ಸೂಚಿಸಿದೆಯಾದರೂ ಮಕ್ಕಳಿಗೂ ಗರ್ಭಿಣಿಯರಿಗೂ ಮೂತ್ರಪಿಂಡದ ಬೇನೆಯವರಿಗೂ ಆ ಸಲಹೆ ಅನ್ವಯಿಸುವುದಿಲ್ಲ. ಅಂತಹವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ದಾಸೋಹದ ಮನೆಯಲ್ಲಿ

ವ್ರತದ ಹೆಸರಿನಲ್ಲಿ ಉಪ್ಪನ್ನು ಬಿಟ್ಟು ಸಪ್ಪೆಯುಣ್ಣುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಶರಣರು ಹೊರಗಿನ ವ್ರತಕ್ಕಿಂತ ಒಳಗಿನ ನಡತೆಗೆ ಹೆಚ್ಚು ಬೆಲೆ ಕೊಟ್ಟರು. ವಾರಕ್ಕೊಂದು ದಿನ ಸಪ್ಪೆಯುಂಡು ಉಳಿದ ಆರು ದಿನ ಕೈ ಬಿಚ್ಚಿ ಉಪ್ಪು ಸುರಿದುಕೊಂಡರೆ ಅದರಿಂದ ಫಲವಿಲ್ಲ. ಅತಿಯಾದ ಕಹಿ, ಹುಳಿ, ಉಪ್ಪು, ಖಾರಗಳನ್ನು ಬಯಸುವ ಆಹಾರವು ರೋಗವನ್ನೂ ದುಃಖವನ್ನೂ ತರುವುದೆಂದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವೂ ಹೇಳುತ್ತದೆ. ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ಅನ್ನವು ಅದನ್ನು ಧರಿಸುವ ದೇಹವನ್ನು ಕೆಡಿಸುವಂತಿರಬಾರದು. ದೇಹವೇ ದೇವಾಲಯವೆಂದು ನಂಬಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮಠಗಳ ದಾಸೋಹದಲ್ಲಿ ಸಾವಿರಾರು ಜನ ಉಣ್ಣುತ್ತಾರೆ. ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳು ಉಂಡು ಬೆಳೆಯುತ್ತಾರೆ. ಹತ್ತು ವರ್ಷದ ಹುಡುಗನ ನಾಲಗೆಗೆ ಮಠದ ಅಡಿಗೆಯವರು ಕಲಿಸಿದ ರುಚಿ ಅವನ ಅರವತ್ತನೆಯ ವಯಸ್ಸಿನವರೆಗೂ ಜೊತೆಗೆ ಹೋಗುತ್ತದೆ. ಆದ್ದರಿಂದ ದಾಸೋಹದ ಹೊಣೆ ಹೊತ್ತ ಎಲ್ಲರಲ್ಲಿಯೂ ನಮ್ಮ ಒಂದು ವಿನಂತಿಯಿದೆ. ಕೈಯಂದಾಜನ್ನು ಬಿಟ್ಟು ಉಪ್ಪನ್ನು ತೂಗಿ ಹಾಕುವ ಪದ್ಧತಿಯನ್ನು ತರಬೇಕು. ಲೆಕ್ಕ ಸುಲಭ. ಇನ್ನೂರು ಜನರ ಒಂದು ದಿನದ ಎಲ್ಲ ಊಟಕ್ಕೆ ಒಂದು ಕಿಲೋ ಉಪ್ಪು ಮಿತಿ, ಮಕ್ಕಳೇ ಹೆಚ್ಚಿದ್ದರೆ ಅದಕ್ಕೂ ಕಡಿಮೆ. ಒಮ್ಮೆಗೇ ಇಳಿಸಿದರೆ ಉಂಡವರು ಗೊಣಗುವರು. ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ನಾಲಗೆ ಕೆಲವು ವಾರಗಳಲ್ಲಿ ಹೊಸ ರುಚಿಗೆ ಹೊಂದಿಕೊಳ್ಳುತ್ತದೆ. ಹುಣಸೆ, ನಿಂಬೆ, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿಗಳು ಉಪ್ಪಿನ ಕೊರತೆಯನ್ನು ಮರೆಸಬಲ್ಲವು.

ಮಠದಲ್ಲಿ ಓದಿ, ಇಂದು ಊರೂರುಗಳಲ್ಲಿ ಸಂಸಾರ ನಡೆಸುತ್ತಿರುವ ಹಿರಿಯ ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಐವತ್ತು ದಾಟಿದ್ದೀರಿ. ವರ್ಷಕ್ಕೊಮ್ಮೆಯಾದರೂ ರಕ್ತದ ಒತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿರಿ. ಮಾತ್ರೆ ನುಂಗುತ್ತೇನೆಂಬ ಧೈರ್ಯದಿಂದ ಉಪ್ಪಿನಕಾಯಿಯ ಭರಣಿಯನ್ನು ಹತ್ತಿರ ಎಳೆದುಕೊಳ್ಳಬೇಡಿರಿ. ಮಠದ ಉಪ್ಪಿನ ಋಣವನ್ನು ತೀರಿಸುವ ಬಗೆ ಹೇಗೆಂದು ನಿಮ್ಮಲ್ಲಿ ಕೆಲವರು ಪ್ರೀತಿಯಿಂದ ಕೇಳುವುದುಂಟು. ನೀವು ಆರೋಗ್ಯದಿಂದ ಬಹುಕಾಲ ಬಾಳಿ ಕಾಯಕ ದಾಸೋಹಗಳಲ್ಲಿ ನಿರತರಾಗಿರುವುದೇ ಆ ಋಣಸಂದಾಯ.

ಚೌಳಾದ ಹೊಲವನ್ನು ನಮ್ಮ ರೈತರು ಕೈಬಿಡುವುದಿಲ್ಲ. ಬಸಿಗಾಲುವೆ ತೋಡುತ್ತಾರೆ, ಹಸಿರೆಲೆ ಗೊಬ್ಬರ ಹಾಕುತ್ತಾರೆ, ಜಿಪ್ಸಂ ಬೆರೆಸುತ್ತಾರೆ, ಒಳ್ಳೆಯ ನೀರಿನಿಂದ ಲವಣವನ್ನು ತೊಳೆದು ಹೊರಹಾಕುತ್ತಾರೆ. ಕೆಲವು ವರ್ಷಗಳ ತಾಳ್ಮೆಯಿಂದ ಆ ನೆಲ ಮತ್ತೆ ಬೆಳೆಯುತ್ತದೆ. ಮನುಷ್ಯನ ದೇಹವು ನೆಲಕ್ಕಿಂತ ಬೇಗ ಸುಧಾರಿಸುತ್ತದೆ. ಉಪ್ಪನ್ನು ತಗ್ಗಿಸಿದ ಕೆಲವೇ ವಾರಗಳಲ್ಲಿ ಒತ್ತಡ ಇಳಿಯತೊಡಗುವುದನ್ನು ವೈದ್ಯರು ಕಂಡಿದ್ದಾರೆ. ಇಂದಿನ ಊಟದಿಂದಲೇ ಒಂದು ಚಿಟಿಕೆಯನ್ನು ಕಡಿಮೆ ಮಾಡಿರಿ. ಸದ್ಭಕ್ತರೆಲ್ಲರಿಗೂ ಆಯುರಾರೋಗ್ಯ ಭಾಗ್ಯವು ದೊರೆಯಲೆಂದು ಹಾರೈಸುತ್ತೇವೆ.